ಒಂಟಿ ಅಪ್ಪ, ದೊಡ್ಡ ಮನೆ, ಒಂದು ಗುಟ್ಟು: ಮೂರು ಕಾದಂಬರಿಗಳಲ್ಲಿ ಯಾವುದು ಗೆಲ್ಲುತ್ತದೆ?

ಹೆಂಡತಿ ಜೊತೆಗಿಲ್ಲದ ಯಜಮಾನ, ತಾಯಿಯಿಲ್ಲದ ಮಗು, ಊರಾಚೆ ದೊಡ್ಡ ಮನೆ. ಆ ಮನೆಗೆ ಪಾಠ ಹೇಳಲು ಬರುವ ಗವರ್ನೆಸ್. ಇಂಗ್ಲಿಷಿನ ರೊಮ್ಯಾಂಟಿಕ್ ಸಸ್ಪೆನ್ಸ್ ಓದುವವರಿಗೆ ಇದು ಚೆನ್ನಾಗಿ ಗೊತ್ತಿರುವ ಜಾಗ. ಅವಳಿಗೆ ಆ ಗಂಡಸಿನ ಮೇಲೆ ಮನಸ್ಸೂ ಆಗಬೇಕು, ಇವನು ಯಾರನ್ನಾದರೂ ಕೊಂದಿದ್ದಾನಾ ಅನ್ನುವ ಅನುಮಾನವೂ ಕಾಡಬೇಕು.

ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ (1847), ಮೇರಿ ಸ್ಟುವರ್ಟ್ ಬರೆದ ‘ನೈನ್ ಕೋಚಸ್ ವೇಟಿಂಗ್’ (1958), ವಿಕ್ಟೋರಿಯಾ ಹೋಲ್ಟ್ ಬರೆದ ‘ಮಿಸ್ಟ್ರೆಸ್ ಆಫ್ ಮೆಲ್ಲಿನ್’ (1960). ಈ ಮೂರನ್ನೂ ಒಂದರ ಹಿಂದೆ ಒಂದು ಓದಿದೆ. ಓದುವಾಗ ತಲೆಯಲ್ಲಿದ್ದ ಪ್ರಶ್ನೆ ಒಂದೇ. ಪ್ರೇಮಕಥೆ ಕಾವೇರಿದ ಮೇಲೆ ಆ ಮಗುವಿನ ಗತಿ ಏನು? ಗುಟ್ಟುಗಳನ್ನು ಬಿಡಿಸದೆ ಇದನ್ನು ಹೇಳಲು ಆಗುವುದಿಲ್ಲ. ಇನ್ನೂ ಓದಿಲ್ಲದವರು ಮೊದಲು ಓದಿಬಿಡಿ.

ಜೇನ್ ಐರ್ ಬಗ್ಗೆ ಹೊಸದಾಗಿ ಹೇಳುವುದು ಕಡಿಮೆ. ಮೂರರಲ್ಲಿ ದೊಡ್ಡ ಬರಹ ಅದೇ, ಜೇನ್ ಮಾತಾಡಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಅಪ್ಪನ ಕಥೆ ಅಂತ ನೋಡಿದರೆ ಸಪ್ಪೆ. ಗವರ್ನೆಸ್ ಜೇನ್ ಪಾಠ ಹೇಳುವ ಅಡೆಲ್ ಪ್ಯಾರಿಸ್ಸಿನ ಒಬ್ಬ ನರ್ತಕಿಯ ಮಗಳು. ನಿನ್ನದೇ ಮಗು ಅಂತ ಅವಳಮ್ಮ ಮನೆಯ ಯಜಮಾನ ರೋಚೆಸ್ಟರ್‌ಗೆ ಹೇಳಿದ್ದಳು, ಅವನು ನಂಬುವುದಿಲ್ಲ. ಆದರೂ ಕರೆತಂದು ಸಾಕುತ್ತಾನೆ. ಸಾಕುತ್ತಾನೆ ಅಷ್ಟೇ, ಹತ್ತಿರ ಸೇರಿಸುವುದಿಲ್ಲ. ಈ ವಿಷಯ ಗೊತ್ತಾದ ಮೇಲೆ ಜೇನ್‌ಗೆ ಮಗುವಿನ ಮೇಲೆ ಪ್ರೀತಿ ಇನ್ನೂ ಜಾಸ್ತಿಯಾಗುತ್ತದೆ. ಕೊನೆಯಲ್ಲಿ ದೂರದ ಶಾಲೆಗೆ ಹೋಗಿ, ಬಿಳಿಚಿಕೊಂಡು ಸೊರಗಿದ ಅಡೆಲ್‌ಳನ್ನು ಕಂಡು, ಹತ್ತಿರದ ಬೇರೆ ಶಾಲೆಗೆ ಸೇರಿಸುವವಳೂ ಅವಳೇ. ಅಪ್ಪನಾಗಬೇಕಿದ್ದವನು ಅಲ್ಲಿ ಸುಳಿಯುವುದೇ ಇಲ್ಲ. ನನಗೆ ಇದು ಪ್ರತಿ ಸಲವೂ ಚುಚ್ಚುತ್ತದೆ.

ಎದೆ ಢವಢವ ಅನ್ನಬೇಕು ಅಂದರೆ ಸ್ಟುವರ್ಟ್ ಪುಸ್ತಕಕ್ಕೆ ಸಾಟಿಯಿಲ್ಲ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಮಗ್ಗುಲಲ್ಲಿ ವಾಲ್ಮಿ ಕೋಟೆಮನೆ. ಒಂಬತ್ತು ವರ್ಷದ ಫಿಲಿಪ್ ಅನಾಥ, ಆಸ್ತಿಯೆಲ್ಲ ಅವನ ಹೆಸರಲ್ಲಿದೆ. ನೋಡಿಕೊಳ್ಳುವವನು ಗಾಲಿಕುರ್ಚಿಯಲ್ಲಿರುವ ದೊಡ್ಡಮನುಷ್ಯ ಲಿಯೋನ್. ಕಾಡಿನಲ್ಲಿ ಎಲ್ಲಿಂದಲೋ ಒಂದು ಗುಂಡು ಹಾರಿಬರುತ್ತದೆ. ಗವರ್ನೆಸ್ ಲಿಂಡಾಗೆ ಲಿಯೋನ್‌ನ ಮಗ ರಾವುಲ್ ಮೇಲೆ ಪ್ರೀತಿ. ಆದರೆ ಹುಡುಗನ ಪ್ರಾಣಕ್ಕೆ ಕುತ್ತು ಅಂತ ಖಾತ್ರಿಯಾದ ರಾತ್ರಿ ಅವಳು ರಾವುಲ್‌ಗೂ ಹೇಳದೆ ಫಿಲಿಪ್‌ನ ಕೈ ಹಿಡಿದು ಓಡುತ್ತಾಳೆ. ಪ್ರೀತಿಸಿದವನು ಒಳ್ಳೆಯವನೇ ಇರಬಹುದು. ಆದರೆ ಆ ‘ಇರಬಹುದು’ ಮೇಲೆ ಮಗುವಿನ ಜೀವ ಪಣಕ್ಕಿಡಲು ಅವಳು ಒಪ್ಪುವುದಿಲ್ಲ. ಈ ಒಂದು ನಿರ್ಧಾರಕ್ಕೇ ನಾನು ಈ ಪುಸ್ತಕವನ್ನು ಎಲ್ಲರಿಗೂ ಓದಿ ಅನ್ನುತ್ತೇನೆ. ಆದರೆ ಪ್ರೇಮಿಗೂ ಮಗುವಿಗೂ ಇಲ್ಲಿ ಅಪ್ಪ ಮಗನ ನಂಟಿಲ್ಲ. ಒಂಟಿ ಅಪ್ಪನ ಕಥೆ ಹುಡುಕುವವರಿಗೆ ಇದು ಪಕ್ಕದ ಬೀದಿ.

ಹಾಗಾಗಿ ನನ್ನ ಮಟ್ಟಿಗೆ ಗೆದ್ದಿದ್ದು ಹೋಲ್ಟ್. ಎಲಿನಾರ್ ಹಿಬರ್ಟ್ ಅನ್ನುವ ಲೇಖಕಿ ಈ ಹೆಸರಿನಲ್ಲಿ ಬರೆದ ಮೊದಲ ಕಾದಂಬರಿ ಇದು. ಇಂಗ್ಲೆಂಡಿನ ಕಾರ್ನ್‌ವಾಲ್ ಕಡಲತೀರದಲ್ಲಿ ಮೌಂಟ್ ಮೆಲ್ಲಿನ್ ಮನೆ, ಯಜಮಾನ ಕಾನನ್, ಮಗಳು ಆಲ್ವೀನ್. ಹೆಂಡತಿ ಆಲಿಸ್, ಪಕ್ಕದ ಮನೆಯವನ ಜೊತೆ ಓಡಿಹೋಗುವಾಗ ರೈಲು ಅಪಘಾತದಲ್ಲಿ ಸತ್ತಳು ಅಂತ ಎಲ್ಲರೂ ನಂಬಿದ್ದಾರೆ.

ಆಲ್ವೀನ್ ಮೊಂಡು ಹುಡುಗಿ. ಬಂದ ಗವರ್ನೆಸ್‌ಗಳನ್ನೆಲ್ಲ ಗೋಳು ಹೊಯ್ದುಕೊಂಡವಳು. ಅವಳ ಆಸೆ ಮಾತ್ರ ಒಂದೇ: ಅಪ್ಪ ತನ್ನನ್ನು ಒಮ್ಮೆ ನೋಡಿ ಮೆಚ್ಚಬೇಕು. ಕುದುರೆ ಅಂದರೆ ಹೆದರಿಕೆ, ಅಪ್ಪನಿಗಾಗಿ ಅದನ್ನೂ ಕಲಿಯಬೇಕು. ಹೊಸದಾಗಿ ಬಂದ ಗವರ್ನೆಸ್ ಮಾರ್ಥಾ ಯಾರಿಗೂ ಹೇಳದೆ ಅವಳಿಗೆ ಸವಾರಿ ಕಲಿಸುವ ಪುಟಗಳು ಇಡೀ ಪುಸ್ತಕದಲ್ಲೇ ನನಗೆ ಅಚ್ಚುಮೆಚ್ಚು. ಅಲ್ಲಿ ಕೊಲೆಯಿಲ್ಲ, ಗುಪ್ತ ಕೋಣೆಯಿಲ್ಲ. ಅಪ್ಪನ ಒಂದು ನೋಟಕ್ಕಾಗಿ ಹಲ್ಲು ಕಚ್ಚಿ ಕುದುರೆ ಹತ್ತುವ ಎಂಟು ವರ್ಷದ ಹುಡುಗಿ ಇದ್ದಾಳೆ. ಎಷ್ಟೋ ಮನೆಗಳಲ್ಲಿ ಇಂಥ ಮಕ್ಕಳಿದ್ದಾರೆ, ಅಲ್ವಾ?

ಕಾನನ್ ಯಾಕೆ ಇಷ್ಟು ತಣ್ಣಗಿದ್ದಾನೆ ಅನ್ನುವುದು ಆಮೇಲೆ ತಿಳಿಯುತ್ತದೆ. ಆಲ್ವೀನ್ ಅವನ ರಕ್ತ ಹಂಚಿಕೊಂಡವಳಲ್ಲ. ರೋಚೆಸ್ಟರ್ ಅನುಮಾನದಲ್ಲೇ ನಿಂತುಬಿಟ್ಟ ಜಾಗ ಇದು. ಹೋಲ್ಟ್ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗುತ್ತಾಳೆ. ಹೆತ್ತವರ ತಪ್ಪಿಗೆ ಮಗುವನ್ನು ದೂರವಿಟ್ಟದ್ದು ಸರಿಯಾ ಅಂತ ಕೇಳುವ ಒಬ್ಬಳು ಆ ಮನೆಯೊಳಗೆ ಬರುತ್ತಾಳೆ, ಅಪ್ಪ ಕರಗುತ್ತಾನೆ. ಸಸ್ಪೆನ್ಸ್‌ಗೂ ಇದಕ್ಕೂ ನೇರ ಗಂಟಿದೆ. ಮಗುವಿನ ಜೊತೆ ಇಷ್ಟು ಕಲ್ಲಾಗಿರುವವನು ಹೆಂಡತಿಗೆ ಏನು ತಾನೇ ಮಾಡಿರಲಾರ ಅಂತ ನಮಗೂ ಅನಿಸುತ್ತದೆ.

ಜೊತೆಗೆ ಓದಿದ ಗೆಳತಿಯರು ಇದನ್ನು ಒಪ್ಪಲಿಲ್ಲ. ಒಬ್ಬಳ ಪ್ರಕಾರ ಇದು ಜೇನ್ ಐರ್‌ನ ನಕಲು. ಹೋಲಿಕೆ ಇದೆ, ನಿಜ. ಆದರೆ ಮೆಲ್ಲಿನ್‌ನಲ್ಲಿ ಮಗು ಕಥೆಯ ನಡುವೆಯೇ ಇದ್ದಾಳೆ. ಇನ್ನೊಬ್ಬಳ ದೂರು ಗಟ್ಟಿಯಾಗಿದೆ: ಕಾನನ್ ಬದಲಾಗಿದ್ದು ನಮಗೆ ಕಾಣುವುದಕ್ಕಿಂತ ಮಾರ್ಥಾ ಹೇಳಿ ಗೊತ್ತಾಗುವುದೇ ಜಾಸ್ತಿ. ಅಪ್ಪ ಮಗಳು ಇಬ್ಬರೇ ಕೂತು ಮಾತಾಡುವ ಒಂದು ಉದ್ದದ ದೃಶ್ಯ ಬೇಕಿತ್ತು ಅನ್ನುತ್ತಾಳೆ. ನನಗೂ ಬೇಕಿತ್ತು.

ನಾವು ಜಗಳವಾಡಿದ್ದು ಮದುವೆಯ ಪ್ರಸ್ತಾಪದ ಬಗ್ಗೆ. ನೆರೆಯ ಲೇಡಿ ಟ್ರೆಸ್ಲಿನ್ ಜೊತೆ ಕಾನನ್‌ಗೆ ಸಂಬಂಧ ಇದೆ ಅಂತ ಸುದ್ದಿ. ಅವಳ ಮುದಿ ಗಂಡ ಸಾಯುತ್ತಾನೆ. ಅದರ ಬೆನ್ನಲ್ಲೇ ಕಾನನ್ ಮಾರ್ಥಾಳನ್ನು ಮದುವೆಯಾಗು ಅನ್ನುತ್ತಾನೆ. ಇಷ್ಟು ಅವಸರ ಮಾಡಿದವನನ್ನು ನಂಬುವುದು ಪೆದ್ದುತನ ಅಂತ ಗೆಳತಿ. ನನಗೆ ಅನಿಸುವುದೇ ಬೇರೆ. ಮಾರ್ಥಾ ಹೂಂ ಅನ್ನುವಾಗ ಅವಳ ಕಣ್ಣ ಮುಂದೆ ಕಾನನ್ ಒಬ್ಬನೇ ಇಲ್ಲ. ಆಲ್ವೀನ್ ಇದ್ದಾಳೆ, ಆ ಮನೆಯಲ್ಲಿ ಯಾರಿಗೂ ಬೇಡವಾಗಿ ಸುತ್ತುವ ಪುಟ್ಟ ಗಿಲ್ಲಿಯೂ ಇದ್ದಾಳೆ.