ಮೂರು ಮಳೆಗಾಲ ಕಂಡ ವೈರ್‌ಲೆಸ್ ಮೌಸು, ಅದರ ಸೆಲ್ಲಿನ ಕಥೆ

ಈ ಮೌಸ್ ತಗೊಂಡಿದ್ದು 2022ರ ಜನವರಿಲಿ, ಏಳ್ನೂರು ಚಿಲ್ಲರೆ ರೂಪಾಯಿ. ಕಂಪನಿ ಹೆಸರು ಬೇಡ, ಯಾಕಂದ್ರೆ ಬೈಯೋದೂ ಇದೆ ಇದ್ರಲ್ಲಿ. ಒಂದೇ ಒಂದು ಪೆನ್ಸಿಲ್ ಸೆಲ್ ಹಾಕೋ ಮಾಡೆಲ್ಲು, ಕೆಳಗೆ ಕೆಂಪು ಲೈಟು, ಯುಎಸ್‌ಬಿಗೆ ಚುಚ್ಚೋ ಪುಟಾಣಿ ರಿಸೀವರ್. ಡಬ್ಬದ ಮೇಲೆ 12 ತಿಂಗಳು ಬ್ಯಾಟರಿ ಅಂತ ದೊಡ್ಡದಾಗಿ ಬರ್ದಿತ್ತು.

ನಾನಿರೋದು ಕೊಡಗಿನ ಸುಂಟಿಕೊಪ್ಪ ಹತ್ರ, ಸುತ್ತಮುತ್ತಲ ತೋಟದವ್ರ ಲೆಕ್ಕ ಬರೆಯೋದು, ಜಿಎಸ್‌ಟಿ, ವಾರದ ಬಟವಾಡೆ ಶೀಟು ಇದೇ ಕೆಲ್ಸ, ದಿನಕ್ಕೆ ಹತ್ತು ಗಂಟೆ ಮೌಸ್ ಕೈಲೇ ಇರುತ್ತೆ. ಹಾಗಾಗಿ 12 ತಿಂಗಳು ಅನ್ನೋದನ್ನ ನಾನು ನಂಬಿರ್ಲಿಲ್ಲ ಬಿಡಿ. ಆದ್ರೆ ಮೊದಲ್ನೇ ಸೆಲ್ಲು ಎರಡೂವರೆ ತಿಂಗಳು ಬಂತು, ಪರ್ವಾಗಿಲ್ಲ ಅನ್ಕೊಂಡೆ. ಲೆಕ್ಕ ಹಾಕಿದ್ರೂ ಸರಿಯಾಗೇ ಇದೆ, ಒಳ್ಳೆ ಆಲ್ಕಲೈನ್ ಸೆಲ್ಲಲ್ಲಿ ಸುಮಾರು 2500 ಎಂಎಎಚ್ (ಮಿಲಿಆಂಪ್ ಗಂಟೆ) ಇರುತ್ತೆ, ಮೌಸು 3 ಮಿಲಿಆಂಪ್ ಎಳೀತು ಅನ್ಕೊಳ್ಳಿ, 800 ಗಂಟೆ ಚಿಲ್ಲರೆ, ಅಂದ್ರೆ ನನ್ನ ಬಳಕೆಗೆ ಎಂಬತ್ತು ದಿನ.

ಸಮಸ್ಯೆ ಶುರುವಾಗಿದ್ದು ಜುಲೈಲಿ. ಮೂರು ವಾರಕ್ಕೆ ಸೆಲ್ ಖಾಲಿ, ಹೊಸದು ಹಾಕಿದ್ರೆ ಅದೂ ಮೂರು ವಾರ, ಆಮೇಲೊಂದು ಹದಿನೆಂಟೇ ದಿನ. ಅಮ್ಮ ಅಂತೂ "ನಿನ್ನ ಇಲಿಗೆ ಮತ್ತೆ ಹಸಿವಾಯ್ತಾ ಮಗ" ಅಂತ ನಗಾಡೋರು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಮೈಸೂರಿನ ಸೆಂಟರಿಗೆ ತಂದುಕೊಡಿ ಅಂದ್ರು, ಏಳ್ನೂರು ರೂಪಾಯಿ ಮೌಸಿಗೆ ಒಂದು ದಿನದ ಕೆಲ್ಸ ಬಿಟ್ಟು ಆ ಮಳೇಲಿ ಯಾರ್ ಹೋಗ್ತಾರೆ, ಸುಮ್ನಾದೆ. ನವೆಂಬರಲ್ಲಿ ಕಾಫಿ ಕುಯ್ಲು ಶುರುವಾಗೋ ಹೊತ್ತಿಗೆ ತಾನಾಗೇ ಸರಿಹೋಯ್ತು! ಮತ್ತೆ 2023ರ ಜುಲೈಲಿ ಅದೇ ರಾಗ. ಆಗ ತಲೆ ಕೆಡ್ತು, ಮೌಸಿಗೂ ಮಳೆಗೂ ಏನಪ್ಪಾ ಸಂಬಂಧ ಅಂತ.

ಸಂಬಂಧ ಇತ್ತು. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಬೀರುವಲ್ಲಿರೋ ಬಟ್ಟೆ ಎಲ್ಲದಕ್ಕೂ ಬೂಷ್ಟು ಬರುತ್ತೆ, ಗೊತ್ತಲ್ಲ. ನನ್ನ ಬಟ್ಟೆಯ ಮೌಸ್ ಪ್ಯಾಡಿಗೂ ಬಂದು ವಾಸ್ನೆ ಹೊಡೀತಿತ್ತು, ಎರಡು ವರ್ಷವೂ ಜೂನ್ ಕೊನೇಲಿ ಎಸ್ದು, ಮಳೆ ನಿಂತ್ಮೇಲೆ ಹೊಸದು ತಗೊಳ್ಳೋಣ ಅಂತ ಸೀದಾ ಟೇಬಲ್ ಮೇಲೇ ಮೌಸ್ ಓಡಿಸ್ತಿದ್ದೆ. ಟೇಬಲ್ಲು ಅಜ್ಜನ ಕಾಲದ ಬೀಟೆ ಮರದ್ದು, ಹೆಚ್ಚುಕಮ್ಮಿ ಕಪ್ಪು, ಪಾಲಿಶ್ ಮಾಡಿ ಮುಖ ಕಾಣೋ ಹಾಗಿದೆ. ಒಂದಿನ ರಾತ್ರಿ ಕರೆಂಟ್ ಹೋಗಿ ಇನ್ವರ್ಟರೂ ಸತ್ತು, ಲ್ಯಾಪ್‌ಟಾಪ್ ಬ್ಯಾಟರೀಲಿ ಕೆಲ್ಸ ಮಾಡ್ತಿದ್ದೆ, ಕತ್ತಲಲ್ಲಿ ಮೌಸ್ ಅಡೀಲಿಂದ ಬರೋ ಕೆಂಪು ಬೆಳಕು ಚೆನ್ನಾಗಿ ಕಾಣ್ತಿತ್ತು. ಪಕ್ಕದಲ್ಲಿದ್ದ ಬಿಳಿ ಹಾಳೆ ಮೇಲೆ ಮೌಸ್ ಹೋದ ಕೂಡ್ಲೇ ಬೆಳಕು ಮಂಕಾಯ್ತು, ವಾಪಸ್ ಬೀಟೆ ಮೇಲೆ ಬಂದ್ರೆ ಜೋರಾಯ್ತು. ನಾಲ್ಕೈದು ಸಲ ಆಚೆ ಈಚೆ ಮಾಡಿ ನೋಡ್ದೆ, ಹಾಗೇ. ಮೌಸ್ ಒಳಗೆ ಒಂದು ಪುಟ್ಟ ಕ್ಯಾಮೆರಾ ಥರದ ಸೆನ್ಸರ್ ಇರುತ್ತೆ, ಸೆಕೆಂಡಿಗೆ ಸಾವಿರಾರು ಫೋಟೋ ತೆಗ್ದು ನೆಲ ಎಷ್ಟು ಸರೀತು ಅಂತ ನೋಡುತ್ತೆ, ಕಪ್ಪಿನ ಮೇಲೆ ಏನೂ ಕಾಣ್ದೇ ಇದ್ರೆ ಲೈಟ್ ಜಾಸ್ತಿ ಉರಿಸುತ್ತೆ. ಸೆಲ್ ತಿಂತಿದ್ದಿದ್ದು ಅಜ್ಜನ ಟೇಬಲ್ಲು!

ಅದೊಂದೇ ಅಲ್ಲ. ಮಳೇಲಿ ಪೇಟೆಗೆ ಹೋಗೋಕೆ ಸೋಮಾರಿತನ, ಹತ್ತಿರದ ಅಂಗಡೀಲಿ ಸಿಗೋ ಹದಿನೈದಿಪ್ಪತ್ತು ರೂಪಾಯಿಯ ಸಾದಾ ಸೆಲ್ ತರ್ತಿದ್ದೆ. ಅದು ಜಿಂಕ್ ಕಾರ್ಬನ್ನು, ಆಲ್ಕಲೈನ್‌ಗೆ ಹೋಲಿಸಿದ್ರೆ ಅರ್ಧಕ್ಕಿಂತ ಕಮ್ಮಿ ದಮ್ಮು, ಮೇಲಿಂದ ಬೇಗ ಸೋರುತ್ತೆ. ಮುಚ್ಚಳ ತೆಗ್ದು ನೋಡಿದ್ರೆ ಸ್ಪ್ರಿಂಗಿಗೆ ಕಿಲುಬು ಹಿಡ್ದಿತ್ತು, ಶೀತಕ್ಕೆ. ಮಕ್ಕಳ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ, ಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್ ಹಾಕಿ ಒರೆಸ್ದೆ. (ಆಲ್ಕಲೈನ್ ಸೋರಿ ಬಿಳಿ ಪುಡಿ ಕಟ್ಟಿದ್ರೆ ಅದಕ್ಕೆ ನಿಂಬೆರಸ ಒಂದೆರಡು ತೊಟ್ಟು, ಆಮೇಲೆ ಪೂರ್ತಿ ಒಣಗಿಸ್ಬೇಕು, ಬರೀ ಕೈಲಿ ಮುಟ್ಬೇಡಿ.)

ನಂದೇ ಇನ್ನೊಂದು ದಡ್ಡತನ ಹೇಳ್ಬೇಕು. ಸ್ಕ್ರೀನ್ ಮೇಲಿನ ಬಾಣ ತಡವರಿಸಿದ್ರೆ ಸಾಕು, ಸೆಲ್ ಹೋಯ್ತು ಅಂತ ಬದಲಾಯಿಸ್ಬಿಡ್ತಿದ್ದೆ. ಆ "ಸತ್ತ" ಸೆಲ್ಲನ್ನ ಅಮ್ಮ ಗೋಡೆ ಗಡಿಯಾರಕ್ಕೆ ಹಾಕಿದ್ರೆ ಅದು ತಿಂಗಳುಗಟ್ಟಲೆ ನಡೀತಿತ್ತು, ಆಗ್ಲೇ ಡೌಟ್ ಬರ್ಬೇಕಿತ್ತು. ಮಲ್ಟಿಮೀಟರ್ ಇಟ್ಟು ನೋಡಿದ್ರೆ ಒಂದರಲ್ಲಿ ಇನ್ನೂ 1.35 ವೋಲ್ಟ್ ಇತ್ತು. ಅಸಲಿಗೆ ರಿಸೀವರ್ ಪಕ್ಕದ ನೀಲಿ ಯುಎಸ್‌ಬಿ 3 ಪೋರ್ಟಲ್ಲಿ ಹಾರ್ಡ್ ಡಿಸ್ಕ್ ಇತ್ತು, ಯುಎಸ್‌ಬಿ 3ರ ರೇಡಿಯೋ ಗದ್ದಲ ಮೌಸಿನ 2.4 ಗಿಗಾಹರ್ಟ್ಸ್ ಸಿಗ್ನಲ್ಲಿಗೆ ಅಡ್ಡ ಬರುತ್ತೆ. ಒಂದು ಸಣ್ಣ ಎಕ್ಸ್‌ಟೆನ್ಶನ್ ವೈರ್ ಹಾಕಿ ರಿಸೀವರನ್ನ ಮೌಸ್ ಹತ್ರಕ್ಕೆ ತಂದೆ, ತಡವರಿಕೆ ಹೋಯ್ತು.

ರೀಚಾರ್ಜ್ ಸೆಲ್ ಕೇಳ್ತೀರ? ಹಾಕಿ ನೋಡಿದೀನಿ. ನಿಕಲ್ ಸೆಲ್ಲು 1.2 ವೋಲ್ಟೇ ಇರೋದ್ರಿಂದ ಈ ಮೌಸು ಫುಲ್ ಚಾರ್ಜಲ್ಲೂ ಬ್ಯಾಟರಿ ಕಮ್ಮಿ ಅಂತ ಲೈಟ್ ಮಿಣುಕಿಸುತ್ತೆ, ಆದ್ರೂ ಓಡುತ್ತೆ. ಎನೆಲೂಪ್ ಥರದ, ಸುಮ್ನೆ ಇಟ್ರೆ ಬೇಗ ಚಾರ್ಜ್ ಇಳಿಯದ ಜಾತಿಯದ್ದೇ ತಗೊಳ್ಳಿ. ಭಾವ ಕೇಬಲ್ ಚುಚ್ಚಿ ಚಾರ್ಜ್ ಮಾಡೋ ಮೌಸ್ ತಗೊಂಡು ನನ್ನ ನೋಡಿ ನಗ್ತಿದ್ರು, ಈ ಜುಲೈಲಿ ಮೂರು ದಿನ ಕರೆಂಟಿಲ್ದೇ ಇದ್ದಾಗ ಅವ್ರೇ ನನ್ನ ಮೌಸ್ ಕೇಳ್ಕೊಂಡು ಬಂದ್ರು. ಸೆಲ್ಲಿನ ಮೌಸು ನಮ್ಮಂಥ ಊರಿಗೆ ವಾಸಿ ಅನ್ನೋದು ನನ್ನ ಅಭಿಪ್ರಾಯ, ಯಾವ ಪೆಟ್ಟಿಗೆ ಅಂಗಡೀಲಾದ್ರೂ ಸೆಲ್ ಸಿಗುತ್ತೆ.

ಈಗ ಪ್ಯಾಡ್ ಬದ್ಲು ಅಡಿಗೆಮನೆ ಕೆಲ್ಸದಲ್ಲಿ ಉಳಿದಿದ್ದ ಮೈಕಾ ಶೀಟಿನ ತುಂಡು ಇಟ್ಟಿದೀನಿ, ತಿಳಿ ಬೂದು ಬಣ್ಣ, ಹೊಳಪಿಲ್ದೇ ಇರೋದು. ಬೂಷ್ಟು ಬಂದ್ರೂ ಒಂದು ಸಲ ಒರೆಸಿದ್ರೆ ಮುಗೀತು. ರಾತ್ರಿ ಅಡಿಯ ಸ್ವಿಚ್ ಆಫ್ ಮಾಡ್ತೀನಿ, ಬ್ಯಾಗಲ್ಲಿ ಒಯ್ಯೋವಾಗಂತೂ ತಪ್ಪದೇ, ಇಲ್ಲಾಂದ್ರೆ ಜೀಪು ಕುಲುಕಿದಾಗೆಲ್ಲ ಅದು ಎಚ್ಚರ ಆಗ್ತಾ ಇರುತ್ತೆ.

ಐದಕ್ಕೆ ಮೂರೂವರೆ ಕೊಡ್ತೀನಿ. ಒಂದು ಕಟ್ ಮಾಡಿದ್ದು 12 ತಿಂಗಳು ಅಂದಿದ್ದಕ್ಕೆ, ಅರ್ಧ ಪಕ್ಕದ ರಬ್ಬರು ಈ ಶೀತಕ್ಕೆ ಅಂಟಂಟಾಗಿ ಹಲಸಿನ ಮೇಣದ ಥರ ಕೈಗೆ ಹತ್ತೋದಕ್ಕೆ. ಈಗಿರೋ ಆಲ್ಕಲೈನ್ ಸೆಲ್ ಮೇಲೆ ಮಾರ್ಕರಲ್ಲಿ ಮೇ 27 ಅಂತ ಬರ್ದು ಹಾಕಿದ್ದೆ, ಇವತ್ತು 2024ರ ಆಗಸ್ಟ್ 9, ಹೊರಗೆ ಮಳೆ ಹೊಡೀತಿದೆ, ಇನ್ನೂ ಅದೇ ಸೆಲ್ಲು.