ಖಾರದ ಊಟಕ್ಕೆ ಯಾವ ವೈನ್? ಗಂಗಾವತಿಯ ಮನೆಯಲ್ಲಿ ಕುಡಿದು ನೋಡಿದ್ದು

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ವೈನ್ ಎಂದರೆ ಬಹಳ ಜನರಿಗೆ ಇಂದಿಗೂ ಸಿಹಿ ಪೋರ್ಟ್ ಒಂದೇ. ಇದೇ ಜಿಲ್ಲೆಯ ಕಲ್ಲುಗುಡ್ಡಗಳ ನಡುವೆ ಕ್ಯಾಬರ್ನೆ ಸೊವಿನ್ಯೋನ್, ಸಾಂಜೊವೇಸೆ ದ್ರಾಕ್ಷಿ ಬೆಳೆದು ಕೃಸ್ಮಾ ಎಸ್ಟೇಟ್ಸ್ ವೈನ್ ಮಾಡುತ್ತಿದೆ ಎಂದರೆ ಹುಬ್ಬೇರಿಸುತ್ತಾರೆ. ವೈನ್ ಜೊತೆಗೆ ಚೀಸ್ ತಿನ್ನಬೇಕು, ಪಾಸ್ತಾ ತಿನ್ನಬೇಕು ಎಂಬ ಮಾತು ಎಲ್ಲ ಕಡೆ ಸಿಗುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಮಿರ್ಚಿ ತಿನ್ನುವವರು ಏನು ಕುಡಿಯಬೇಕು? ಅದನ್ನು ತಿಳಿಯಲು ನಾಲ್ಕು ಬಗೆಯನ್ನು ನಮ್ಮ ಮನೆಯ ಊಟದ ಜೊತೆಗೇ ಕುಡಿದು ನೋಡಿದ್ದೇನೆ.

ಮೊದಲು ಪೋರ್ಟ್. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಈ ಸಿಹಿ ವೈನ್‌ಗೆ ಬೆಂಗಳೂರು ಬ್ಲೂ ದ್ರಾಕ್ಷಿಯ ಬಳಕೆ ಹೆಚ್ಚು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, ಭೌಗೋಳಿಕ ಸೂಚಕ ಪಡೆದ ತಳಿ ಅದು. ಮುಚ್ಚಳ ತೆಗೆದ ಕೂಡಲೇ ಹಣ್ಣಿನ ಜಾಮ್‌ನ ಗಾಢ ವಾಸನೆ. ಸಿಹಿ ಖಾರವನ್ನು ತಣಿಸುತ್ತದೆ ಎನ್ನುವುದು ನಿಜ; ಮೊದಲ ಗುಟುಕಿಗೆ ಬಾಯಿಯ ಉರಿ ತಟ್ಟನೆ ಇಳಿಯುತ್ತದೆ. ಆದರೆ ಹುಣಸೆಹಣ್ಣು, ಬೆಲ್ಲ ಹಾಕಿದ ಎಣ್ಣೆಗಾಯಿಯ ಮುಂದೆ ಅರ್ಧ ಲೋಟ ಮುಗಿಯುವುದರೊಳಗೆ ಸಿಹಿ ಸಾಕೆನಿಸುತ್ತದೆ. ಊಟ ಮುಗಿದ ಮೇಲೆ ತಣ್ಣಗೆ ಮಾಡಿ ಸ್ವಲ್ಪ ಕುಡಿಯಲು ಇದು ಸರಿ. ಊಟದ ನಡುವೆ ಬೇಡ.

ಶೆನಿನ್ ಬ್ಲಾಂಕ್ ದ್ರಾಕ್ಷಿ ಮೂಲತಃ ಫ್ರಾನ್ಸಿನ ಲ್ವಾರ್ ಕಣಿವೆಯದು. ಅದರಿಂದ ನಾಸಿಕದ ಸುಲಾ ಕಂಪನಿ ಮಾಡುವ ಬಿಳಿ ವೈನ್‌ನಲ್ಲಿ ತುಸು ಸಿಹಿ ಉಳಿದಿರುತ್ತದೆ, ಹುಳಿಯೂ ಚೆನ್ನಾಗಿರುತ್ತದೆ. ಇದನ್ನು ಸಂಜೆಯ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಜೊತೆಗೆ ಇಟ್ಟುಕೊಂಡು ಕುಡಿಯಬೇಕು. ಬಾಣಲೆಯಿಂದ ಆಗಷ್ಟೇ ಇಳಿದ ಮಿರ್ಚಿಯನ್ನು ಕಚ್ಚಿದರೆ ಕಡಲೆಹಿಟ್ಟಿನ ಗರಿಗರಿ ಹೊದಿಕೆ ಒಡೆದು, ಒಳಗಿನ ಮೆಣಸಿನಕಾಯಿಯ ಬಿಸಿ ಹಬೆ ನಾಲಿಗೆಗೆ ತಾಗುತ್ತದೆ. ಎಣ್ಣೆ ತುಟಿಗೆ ಅಂಟುತ್ತದೆ. ಆಗ ಫ್ರಿಜ್‌ನಿಂದ ತೆಗೆದ ಶೆನಿನ್ ಒಂದು ಗುಟುಕು. ಹುಳಿ ಎಣ್ಣೆಯನ್ನು ಕತ್ತರಿಸುತ್ತದೆ, ಉಳಿದ ಸಿಹಿ ಉರಿಯನ್ನು ಹಿಡಿಯುತ್ತದೆ, ಬಾಯಿ ಮುಂದಿನ ತುತ್ತಿಗೆ ಸಿದ್ಧ. ಬೇಸಿಗೆಗೆ ಇದಕ್ಕೆ ಎದುರಿಲ್ಲ ಎಂದು ಖಚಿತವಾಗಿ ಹೇಳುತ್ತೇನೆ.

ಕ್ಯಾಬರ್ನೆ ಸೊವಿನ್ಯೋನ್ ಕಷ್ಟದ ಅತಿಥಿ. ಅದೇಕೆ ಎಂಬುದು ನನಗೆ ಅರ್ಥವಾದದ್ದು ತೋಟದಲ್ಲಿ. ನಾವು ತಿನ್ನುವ ಥಾಮ್ಸನ್ ದ್ರಾಕ್ಷಿ ಉದ್ದ, ತೆಳು ಸಿಪ್ಪೆ, ಬೀಜವಿಲ್ಲ. ಕ್ಯಾಬರ್ನೆ ಹಣ್ಣು ಪುಟ್ಟದು, ದುಂಡಗೆ, ದಪ್ಪ ಸಿಪ್ಪೆಯದು. ಒಂದನ್ನು ಬಾಯಿಗೆ ಹಾಕಿ ಜಗಿದರೆ ರಸ ಸಿಹಿ, ಸಿಪ್ಪೆ ಮತ್ತು ಬೀಜದಿಂದ ನಾಲಿಗೆಯೆಲ್ಲ ಒಗರು. ಆ ಒಗರೇ ಟ್ಯಾನಿನ್. ಕೆಂಪು ವೈನ್‌ಗೆ ಸಿಪ್ಪೆ, ಬೀಜ ಸಮೇತ ರಸವನ್ನು ಹುದುಗಿಸುವುದರಿಂದ ಬಣ್ಣವೂ ಒಗರೂ ಒಟ್ಟಿಗೆ ಇಳಿಯುತ್ತವೆ. ನಮ್ಮ ಹವೆಯಲ್ಲಿ ಬಳ್ಳಿಗೆ ಯುರೋಪಿನಂತೆ ಚಳಿಗಾಲದ ನಿದ್ದೆ ಇಲ್ಲ. ವರ್ಷಕ್ಕೆ ಎರಡು ಬಾರಿ ಚಾಟನಿ ಮಾಡುತ್ತಾರೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುತ್ತಾರೆ. ಏಪ್ರಿಲ್ ಆಸುಪಾಸಿನದು ಕಡ್ಡಿ ಬಲಿಯಲು, ಮಳೆ ಹಿಂದೆ ಸರಿಯುವಾಗಿನದು ಹಣ್ಣಿಗೆ. ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ತೋಟ ನೋಡಲು ಹೋಗುವುದಾದರೆ ಆ ತಿಂಗಳುಗಳಲ್ಲೇ ಹೋಗಿ. ಹಣ್ಣು ತಿಂದು, ಅದೇ ಹಣ್ಣಿನ ವೈನ್ ಕುಡಿದರೆ ಪುಸ್ತಕ ಕಲಿಸದ್ದನ್ನು ನಾಲಿಗೆ ಕಲಿಯುತ್ತದೆ.

ಊಟದ ವಿಷಯಕ್ಕೆ ಬಂದರೆ, ಕೆಂಪು ಖಾರದ ಚಟ್ನಿಯ ಮುಂದೆ ಕ್ಯಾಬರ್ನೆ ಸೋಲುತ್ತದೆ. ಅದರ ಮದ್ಯಾಂಶ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ, ಒಗರು ಕಹಿಯಾಗುತ್ತದೆ. ಅದೇ ವೈನ್ ಅನ್ನು ಬಿಸಿ ರೊಟ್ಟಿ, ಬೆಣ್ಣೆ, ಖಾರ ಕಡಿಮೆ ಹಾಕಿದ ಹುರಿದ ಮಟನ್ ಜೊತೆಗೆ ಕುಡಿದರೆ ಒಗರು ಮೃದುವಾಗಿ, ಕಪ್ಪು ಹಣ್ಣಿನ ರುಚಿ ಮೇಲೆ ಬರುತ್ತದೆ. ನಂದಿಬೆಟ್ಟದ ತಪ್ಪಲಿನ ಗ್ರೋವರ್‌ನವರ ಲಾ ರಿಸರ್ವ್‌ನಲ್ಲಿ ಕ್ಯಾಬರ್ನೆಗೆ ಶಿರಾಜ್ ಎಂಬ ಇನ್ನೊಂದು ದ್ರಾಕ್ಷಿಯ ವೈನ್ ಬೆರೆತಿರುತ್ತದೆ; ನನ್ನ ನಾಲಿಗೆಗೆ ಅದು ಇನ್ನೂ ಹದವಾಗಿದೆ. ಡಿಸೆಂಬರ್ ರಾತ್ರಿಗಳಿಗೆ ನಾನು ಅದನ್ನು ಆರಿಸುತ್ತೇನೆ.

ಸಾಂಜೊವೇಸೆಗೆ ನನ್ನ ಮತ ಹೆಚ್ಚು. ಇಟಲಿಯ ಟಸ್ಕನಿಯ ಈ ದ್ರಾಕ್ಷಿಗೆ ಹುಳಿ ಜಾಸ್ತಿ, ಅದರ ವೈನ್ ಬಾಯಿಗೆ ಕ್ಯಾಬರ್ನೆಗಿಂತ ಹಗುರ. ಅಲ್ಲಿ ಅದನ್ನು ಟೊಮೆಟೊ ಹಾಕಿದ ಅಡುಗೆಯೊಂದಿಗೆ ಕುಡಿಯುತ್ತಾರೆ. ಟೊಮೆಟೊ, ಒಣಕೊಬ್ಬರಿ ಅರೆದು ಹಾಕಿದ ನಮ್ಮ ಮಟನ್ ಸಾರಿಗೂ ಅದು ಚೆನ್ನಾಗಿ ಒಗ್ಗುತ್ತದೆ. ಸಾರಿನ ಹುಳಿಗೆ ವೈನಿನ ಹುಳಿ ಹೆಗಲು ಕೊಡುತ್ತದೆ, ಎರಡೂ ಸಪ್ಪೆಯಾಗುವುದಿಲ್ಲ. ಎಣ್ಣೆಗಾಯಿಯ ಶೇಂಗಾ, ಎಳ್ಳಿನ ಜಿಡ್ಡಿಗೂ ಇದು ನಿಲ್ಲುತ್ತದೆ. ಅದರಲ್ಲೂ ನಮ್ಮದೇ ಜಿಲ್ಲೆಯ ಮಣ್ಣಿನ ಸಾಂಜೊವೇಸೆ ನಮ್ಮದೇ ಜೋಳದ ರೊಟ್ಟಿಯ ಪಕ್ಕದಲ್ಲಿ ಇದ್ದಾಗ ನನಗೆ ಆಗುವ ಸಂತೋಷವನ್ನು ಮುಚ್ಚಿಡಲಾರೆ. ಬೆಲೆ ಪೋರ್ಟ್‌ಗಿಂತ ಬಹಳ ಹೆಚ್ಚು, ಹಾಗಾಗಿ ಇದು ನೆಂಟರು ಬಂದ ಭಾನುವಾರದ ಬಾಟಲಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಕೆಂಪು ವೈನ್ ಅನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ ಎನ್ನುವುದು 16–18 ಡಿಗ್ರಿಯ ಕೋಣೆಗಳಿಗೆ ಹೇಳಿದ ಮಾತು. ಏಪ್ರಿಲ್‌ನ ಗಂಗಾವತಿಯಲ್ಲಿ ಕೋಣೆಯೇ ಕಾದಿರುತ್ತದೆ. ಆ ಬಿಸಿಗೆ ಮದ್ಯದ ಘಾಟು ಮಾತ್ರ ಮೂಗಿಗೆ ಹೊಡೆಯುತ್ತದೆ. ಬಡಿಸುವ ಅರ್ಧ ಗಂಟೆ ಮುಂಚೆ ಕೆಂಪು ವೈನನ್ನೂ ಫ್ರಿಜ್‌ನಲ್ಲಿಡಿ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಂತ ಬಾಟಲಿಯನ್ನು ಕೊಳ್ಳಬೇಡಿ, ಒಳಗಿನ ಪೆಟ್ಟಿಗೆಯಿಂದ ತೆಗೆದುಕೊಡಲು ಅಂಗಡಿಯವರನ್ನು ಕೇಳಿ.