ಬೀಮ್‌ಫಾರ್ಮಿಂಗ್ ಇರುವ ವೈಫೈ 5 ರೂಟರ್: ಕೆಲವು ವರ್ಷ ಬಳಸಿದ ಮೇಲೆ

ಬೀಮ್‌ಫಾರ್ಮಿಂಗ್ ಎಂದರೆ ರೂಟರ್ ತನ್ನ ಸಿಗ್ನಲ್ಲನ್ನು ಒಂದು ಸಾಧನದ ಕಡೆಗೆ ಒಗ್ಗೂಡಿಸಿ ಕಳಿಸುವ ಸೌಲಭ್ಯ. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಮೊಬೈಲಿನ ಸಿಗ್ನಲ್ ಕಡ್ಡಿ ನೋಡಿ ತೀರ್ಮಾನಿಸಬೇಡಿ. ಮೈಸೂರಿನ ನಮ್ಮ ಹಳೇ ಮನೆಯಲ್ಲಿ ಎಲ್ಲವೂ ದಪ್ಪ ಇಟ್ಟಿಗೆ ಗೋಡೆ. ಹಾಲ್‌ನಲ್ಲಿ ನಾಲ್ಕು ಆಂಟೆನಾದ ರೂಟರ್ ಇದೆ. ಈ ಸೌಲಭ್ಯ ಆನ್ ಇರಲಿ, ಆಫ್ ಇರಲಿ, ಕಡ್ಡಿಗಳು ಹೆಚ್ಚುಕಡಿಮೆ ಅಷ್ಟೇ. ಮೊಬೈಲ್ ಸಾಮಾನ್ಯವಾಗಿ ಕಡ್ಡಿ ಲೆಕ್ಕ ಹಾಕುವುದು ರೂಟರ್ ಎಲ್ಲರಿಗೂ ಕೇಳುವಂತೆ ಕಳಿಸುವ ಬೀಕನ್‌ನಿಂದ. ಬೀಕನ್ ಯಾರೊಬ್ಬರ ಕಡೆಗೂ ತಿರುಗುವುದಿಲ್ಲ. ನೋಡಬೇಕಾದ್ದು ಲಿಂಕ್ ಸ್ಪೀಡ್, ಅಂದರೆ ರೂಟರ್‌ಗೂ ನಮ್ಮ ಸಾಧನಕ್ಕೂ ನಡುವಿನ ವೇಗ, ಅದರಲ್ಲೂ ರೂಟರ್‌ನಿಂದ ನಮ್ಮ ಕಡೆ ಬರುವುದು.

ನಡುಕೋಣೆಯಲ್ಲಿ ನನ್ನ ಕೆಲಸದ ಮೇಜು. ಬೀಮ್‌ಫಾರ್ಮಿಂಗ್ ಆಫ್ ಮಾಡಿದರೆ ಅಲ್ಲಿ ಲ್ಯಾಪ್‌ಟಾಪ್ 390 ಎಂಬಿಪಿಎಸ್ ತೋರಿಸುತ್ತದೆ, ಆನ್ ಮಾಡಿದರೆ 520ಕ್ಕೆ ಏರಿ ಬಹುಪಾಲು ಅಲ್ಲೇ ನಿಲ್ಲುತ್ತದೆ. ಮದುವೆ ವಿಡಿಯೊ ಎಡಿಟ್ ಮಾಡುವ ನನಗೆ ಇದು ದೊಡ್ಡದು. ಹಾಲ್‌ನ ಸ್ಟೋರೇಜ್‌ನಿಂದ ಫೈಲ್ ಎಳೆಯುವಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 100 ಎಂಬಿಪಿಎಸ್ ಪ್ಲ್ಯಾನ್‌ನಲ್ಲಿ ಸಿನಿಮಾ ನೋಡುವವರಿಗೆ ಗೊತ್ತಾಗಲಿಕ್ಕಿಲ್ಲ.

ಇದರಲ್ಲಿ ರೂಟರ್‌ನ ಒಟ್ಟು ಶಕ್ತಿ ಹೆಚ್ಚುವುದಿಲ್ಲ. ಮೊದಲು ಅದು ಒಂದು ಪರೀಕ್ಷಾ ಫ್ರೇಮ್ ಕಳಿಸುತ್ತದೆ. ಪ್ರತಿ ಆಂಟೆನಾದ ಅಲೆ ತನಗೆ ಹೇಗೆ ತಲುಪಿತು ಎಂದು ಲ್ಯಾಪ್‌ಟಾಪ್ ತಿರುಗಿ ವರದಿ ಕೊಡುತ್ತದೆ. ಅದರಂತೆ ರೂಟರ್ ಒಂದೊಂದು ಆಂಟೆನಾದ ಫೇಸ್, ಅಂದರೆ ಅಲೆಯ ಏರಿಳಿತದ ಹೊತ್ತು, ಹೊಂದಿಸುತ್ತದೆ. ಆಗ ಲ್ಯಾಪ್‌ಟಾಪ್ ಇರುವ ಜಾಗದಲ್ಲಿ ಅಲೆಗಳ ಏರಿಗೆ ಏರು, ಇಳಿವಿಗೆ ಇಳಿವು ಕೂಡಿಕೊಳ್ಳುತ್ತದೆ. ತೇರು ಎಳೆಯುವವರೆಲ್ಲ ಒಂದೇ ಉಸಿರಿಗೆ ಹಗ್ಗ ಜಗ್ಗಿದ ಹಾಗೆ. ಆಂಟೆನಾ ಕಡ್ಡಿಗಳನ್ನು ಕೈಯಲ್ಲಿ ನಮ್ಮ ಕಡೆ ಬಾಗಿಸಿದರೆ ಈ ಕೆಲಸ ಆಗುವುದಿಲ್ಲ.

ವರದಿ ಕೊಡಲು ಲ್ಯಾಪ್‌ಟಾಪಿಗೂ ಬರಬೇಕು, ಅಲ್ಲೇ ಅನೇಕರಿಗೆ ನಿರಾಸೆ. 2009ರ ವೈಫೈ ಮಾನದಂಡ 802.11ಎನ್‌ನಲ್ಲಿ ಬೀಮ್‌ಫಾರ್ಮಿಂಗ್‌ಗೆ ಹಲವು ವಿಧಾನಗಳಿದ್ದು, ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. 2013ರ 802.11ಎಸಿ, ಅಂದರೆ ವೈಫೈ 5, ಒಂದೇ ವಿಧಾನಕ್ಕೆ ಗಂಟು ಹಾಕಿತು. ಅದು 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಮಾತ್ರ. ಹಾಗಾಗಿ ಮನೆಯ ಹಳೇ ಫೋನಿಗೂ 2.4 ಗಿಗಾಹರ್ಟ್ಸ್‌ನಲ್ಲೇ ಓಡುವ ಸ್ಮಾರ್ಟ್ ಬಲ್ಬ್‌ಗಳಿಗೂ ಇದರಿಂದ ಏನೂ ಸಿಕ್ಕಿಲ್ಲ. ಫೋನ್ ಹಿಡಿದು ಓಡಾಡುವಾಗಲೂ ಲಾಭ ಕಡಿಮೆ: 5 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 6 ಸೆಂಟಿಮೀಟರ್, ಸ್ವಲ್ಪ ಸರಿದರೂ ಹಿಂದಿನ ವರದಿ ಹಳತಾಗುತ್ತದೆ. ಅಪ್‌ಲೋಡ್‌ನಲ್ಲಿ ಬದಲಾವಣೆ ಕಂಡಿಲ್ಲ. ಅಲ್ಲಿ ಕಳಿಸುವುದು ಲ್ಯಾಪ್‌ಟಾಪ್ ತಾನೇ.

ರೂಟರ್ ಪಕ್ಕದಲ್ಲೇ ಕೂತರೆ ಎರಡೂ ಸ್ಥಿತಿಯಲ್ಲಿ 866. ಹಿಂದಿನ ಅಡುಗೆಮನೆಯಲ್ಲಿ ಬೀಮ್‌ಫಾರ್ಮಿಂಗ್ ಆನ್ ಇದ್ದರೂ 5 ಗಿಗಾಹರ್ಟ್ಸ್ ಸಂಪರ್ಕ ನಿಲ್ಲುವುದಿಲ್ಲ. ಡಬ್ಬಿಯ ಮೇಲೆ ಮನೆಯ ಮೂಲೆಮೂಲೆಗೂ ವೈಫೈ ಎಂದು ಅಚ್ಚು ಹಾಕುವುದು ಗಿರಾಕಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಅಡುಗೆಮನೆಗೆ ಕೊನೆಗೆ ಲ್ಯಾನ್ ಕೇಬಲ್ ಎಳೆಸಿ ಅಲ್ಲಿಂದ ವೈಫೈ ಕೊಡುವ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಿಸಿದೆ. ಒಂದೆರಡು ಗೋಡೆಯಾಚೆ ಕೂತು ಕೆಲಸ ಮಾಡುವವರು ಮಾತ್ರ ಸೆಟ್ಟಿಂಗ್ಸ್‌ಗೆ ಹೋಗಿ ಇದು ಆನ್ ಇದೆಯೇ ಎಂದು ಖಂಡಿತ ನೋಡಿಕೊಳ್ಳಿ.